ಹೊಲ, ಕಣ ಮತ್ತು ಕೊಟ್ಟಿಗೆಯ ಕಾವಲಿಗೆ ವಸ್ತು ಪತ್ತೆ ಮಾಡುವ ಕ್ಯಾಮರಾ ವ್ಯವಸ್ಥೆ: ತುರುವನೂರು ಭಾಗದ ರೈತರಿಗೆ ಅಳವಡಿಕೆಯ ಮಾರ್ಗದರ್ಶಿ

ಪೀಠಿಕೆ

ಚಿತ್ರದುರ್ಗ ತಾಲ್ಲೂಕಿನ ತುರುವನೂರು ಹೋಬಳಿಯಲ್ಲಿ ಶೇಂಗಾ, ಮೆಕ್ಕೆಜೋಳ, ಈರುಳ್ಳಿ ಮತ್ತು ಹಿಂಗಾರಿನ ಕಡಲೆ ಪ್ರಮುಖ ಬೆಳೆಗಳು. ಹೊಸದುರ್ಗ, ಹೊಳಲ್ಕೆರೆ ಮತ್ತು ಹಿರಿಯೂರು ಭಾಗಗಳಲ್ಲಿ ಅಡಿಕೆ, ತೆಂಗು, ದಾಳಿಂಬೆ ತೋಟಗಳಿವೆ. ಬೆಳೆ ಯಾವುದೇ ಇರಲಿ, ಅದು ಕೈಗೆ ಬರುವ ಹೊತ್ತಿಗೆ ರಾತ್ರಿ ಕಾವಲಿನ ಚಿಂತೆ ಆರಂಭವಾಗುತ್ತದೆ. ಮೆಕ್ಕೆಜೋಳ ತೆನೆ ಕಟ್ಟಿದಾಗ ಹಾಗೂ ಶೇಂಗಾ ಕಾಯಿ ಬಲಿತಾಗ ಕಾಡುಹಂದಿ, ಕಣದಲ್ಲಿ ಒಣಗುವ ಅಡಿಕೆಗೆ ಮತ್ತು ಶೆಡ್ಡಿನಲ್ಲಿರುವ ಈರುಳ್ಳಿಗೆ ಕಳ್ಳರು, ಕೊಳವೆಬಾವಿಯ ಕೇಬಲ್ ಹಾಗೂ ಸ್ಟಾರ್ಟರಿಗೆ ಮತ್ತೊಂದು ಬಗೆಯ ಕಳ್ಳರು. ಜೋಗಿಮಟ್ಟಿ ಅರಣ್ಯದ ಅಂಚಿನ ಹಾಗೂ ಬಂಡೆಗುಡ್ಡಗಳ ಸಮೀಪದ ಗ್ರಾಮಗಳಲ್ಲಿ ಕರಡಿ ಮತ್ತು ಚಿರತೆಯ ಭಯವೂ ಸೇರಿಕೊಳ್ಳುತ್ತದೆ.

ಸಾಮಾನ್ಯ ಸಿಸಿಟಿವಿ ಕ್ಯಾಮರಾ ನಡೆದುದನ್ನು ದಾಖಲಿಸುತ್ತದೆಯೇ ಹೊರತು ನಡೆಯುತ್ತಿರುವಾಗ ಎಚ್ಚರಿಸುವುದಿಲ್ಲ. ಚಲನೆಯನ್ನು ಗುರುತಿಸುವ ಕ್ಯಾಮರಾ ಎಚ್ಚರಿಸುತ್ತದೆ. ಆದರೆ ಗಾಳಿಗೆ ತೂಗಾಡುವ ಜೋಳದ ಗರಿಗೂ ಕಳ್ಳನಿಗೂ ವ್ಯತ್ಯಾಸ ತಿಳಿಯದೆ ರಾತ್ರಿಯಿಡೀ ಕೂಗುತ್ತದೆ. ಗಾಳಿಯಂತ್ರಗಳನ್ನು ಸ್ಥಾಪಿಸುವಷ್ಟು ಗಾಳಿ ಬೀಸುವ ಈ ಜಿಲ್ಲೆಯಲ್ಲಿ ಅಂತಹ ವ್ಯವಸ್ಥೆ ಹೆಚ್ಚು ದಿನ ಉಪಯೋಗದಲ್ಲಿ ಉಳಿಯುವುದಿಲ್ಲ. ಈ ಕೊರತೆಯನ್ನು ತುಂಬಲು ಚಿತ್ರದಲ್ಲಿರುವುದು ಮನುಷ್ಯನೇ, ವಾಹನವೇ, ಪ್ರಾಣಿಯೇ ಎಂದು ವಿಂಗಡಿಸುವ ತಂತ್ರಾಂಶಗಳು ಈಗ ಲಭ್ಯವಿವೆ. ಅವುಗಳ ಆಯ್ಕೆ, ಅಳವಡಿಕೆ, ಪರೀಕ್ಷೆ ಮತ್ತು ಮಿತಿಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಉಚಿತವಾಗಿ ದೊರೆಯುವ, ಮುಕ್ತ ಆಕರದ 'ಫ್ರಿಗೇಟ್' ತಂತ್ರಾಂಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಇತರ ತಂತ್ರಾಂಶಗಳಿಗೂ ತತ್ತ್ವಗಳು ಇವೇ.

ವ್ಯವಸ್ಥೆ ಕೆಲಸ ಮಾಡುವ ಬಗೆ

ತಂತ್ರಾಂಶವು ಎರಡು ಹಂತಗಳಲ್ಲಿ ಕೆಲಸ ಮಾಡುತ್ತದೆ.

ಮೊದಲ ಹಂತ ಚಲನೆ ಪತ್ತೆ. ಹಿಂದಿನ ಮತ್ತು ಈಗಿನ ಚಿತ್ರಗಳನ್ನು ಹೋಲಿಸಿ ಎಲ್ಲಿ ಬದಲಾವಣೆಯಾಗಿದೆ ಎಂಬುದನ್ನು ಕಂಡುಕೊಳ್ಳಲಾಗುತ್ತದೆ. ಇದಕ್ಕೆ ಕಂಪ್ಯೂಟರಿನ ಶಕ್ತಿ ಕಡಿಮೆ ಸಾಕು.

ಎರಡನೆಯ ಹಂತ ವಸ್ತು ಪತ್ತೆ. ಚಲನೆ ಕಂಡ ಜಾಗವನ್ನು ಚೌಕಾಕಾರವಾಗಿ ಕತ್ತರಿಸಿ, ತರಬೇತಿ ಪಡೆದ ಗಣಕ ಮಾದರಿಗೆ ನೀಡಲಾಗುತ್ತದೆ. ಮಾದರಿಯು 'ಮನುಷ್ಯ, ಶೇ. 82' ಎಂಬಂತೆ ಹೆಸರು ಮತ್ತು ಖಚಿತತೆಯ ಅಂಕವನ್ನು ಕೊಡುತ್ತದೆ. ಒಂದೇ ಚಿತ್ರವನ್ನು ನಂಬದೆ, ಸತತ ಚಿತ್ರಗಳಲ್ಲಿ ಬಂದ ಅಂಕಗಳ ಮಧ್ಯಮಾಂಕವನ್ನು ನೋಡಿ ನಿರ್ಧಾರ ಕೈಗೊಳ್ಳಲಾಗುತ್ತದೆ. ಆದುದರಿಂದ ಕ್ಷಣಮಾತ್ರ ಮನುಷ್ಯನಂತೆ ಕಂಡ ಗೋಣಿಚೀಲ ಎಚ್ಚರಿಕೆಗೆ ಕಾರಣವಾಗುವುದು ಕಡಿಮೆ.

ಇದೆಲ್ಲವೂ ನಿಮ್ಮ ಮನೆಯಲ್ಲಿರುವ ಗಣಕದಲ್ಲಿಯೇ ನಡೆಯುತ್ತದೆ. ಅಂತರ್ಜಾಲ ಕಡಿತಗೊಂಡರೂ ಪತ್ತೆ ಮತ್ತು ದಾಖಲಾತಿ ನಿಲ್ಲುವುದಿಲ್ಲ. ಊರಾಚೆಯ ಮೊಬೈಲಿಗೆ ಸಂದೇಶ ಕಳುಹಿಸುವುದಕ್ಕೆ ಮಾತ್ರ ಅಂತರ್ಜಾಲ ಬೇಕು.

ಯಾವುದನ್ನು ಗುರುತಿಸುತ್ತದೆ, ಯಾವುದನ್ನು ಗುರುತಿಸುವುದಿಲ್ಲ

ಹಣ ಖರ್ಚು ಮಾಡುವ ಮೊದಲು ಈ ಭಾಗವನ್ನು ಗಮನವಿಟ್ಟು ಓದಿ. ಉಚಿತವಾಗಿ ಸಿಗುವ ಬಹುತೇಕ ಮಾದರಿಗಳು 2014ರಲ್ಲಿ ಪ್ರಕಟವಾದ 'ಕೋಕೋ' ಎಂಬ ಚಿತ್ರಸಂಗ್ರಹದಿಂದ ತರಬೇತಿ ಪಡೆದಿವೆ. ಅದರಲ್ಲಿ 80 ಬಗೆಯ ವಸ್ತುಗಳಿವೆ. ಅವುಗಳ ಪೈಕಿ ಪ್ರಾಣಿಪಕ್ಷಿಗಳು ಹತ್ತು ಮಾತ್ರ: ಹಕ್ಕಿ, ಬೆಕ್ಕು, ನಾಯಿ, ಕುದುರೆ, ಕುರಿ, ಹಸು, ಆನೆ, ಕರಡಿ, ಜೀಬ್ರಾ ಮತ್ತು ಜಿರಾಫೆ.

ಈ ಪಟ್ಟಿಯಲ್ಲಿ ಕಾಡುಹಂದಿ ಇಲ್ಲ. ಚಿರತೆ, ಕೋತಿ, ಜಿಂಕೆ, ಕೃಷ್ಣಮೃಗ, ನರಿ, ಹಾವುಗಳೂ ಇಲ್ಲ. ಎಮ್ಮೆ ಮತ್ತು ಮೇಕೆಗಳಿಗೂ ಪ್ರತ್ಯೇಕ ಹೆಸರಿಲ್ಲ. ಪಟ್ಟಿಯಲ್ಲಿಲ್ಲದ ಪ್ರಾಣಿ ಎದುರಾದಾಗ ಮಾದರಿಯು ತನಗೆ ತಿಳಿದ ಹೆಸರುಗಳಲ್ಲಿ ಹತ್ತಿರದ್ದನ್ನು ಹೇಳುತ್ತದೆ ಅಥವಾ ಏನನ್ನೂ ಹೇಳುವುದಿಲ್ಲ. ಕಾಡುಹಂದಿ ಒಮ್ಮೆ 'ಹಸು', ಇನ್ನೊಮ್ಮೆ 'ನಾಯಿ', ಮತ್ತೊಮ್ಮೆ 'ಕರಡಿ' ಎಂದು ದಾಖಲಾಗಬಹುದು. ಆದ್ದರಿಂದ ಪರದೆಯ ಮೇಲೆ 'ಕರಡಿ' ಎಂದು ಬಂದ ಮಾತ್ರಕ್ಕೆ ಅದು ಕರಡಿಯೆಂದೂ, 'ನಾಯಿ' ಎಂದು ಬಂದ ಮಾತ್ರಕ್ಕೆ ಅಪಾಯವಿಲ್ಲವೆಂದೂ ತಿಳಿಯಬಾರದು.

ಈ ಹಿನ್ನೆಲೆಯಲ್ಲಿ ನಿರೀಕ್ಷೆಗಳನ್ನು ಹೀಗೆ ಇಟ್ಟುಕೊಳ್ಳುವುದು ಸೂಕ್ತ.

• ಮನುಷ್ಯ ಮತ್ತು ವಾಹನ: ಸರಿಯಾದ ದೂರ ಮತ್ತು ಬೆಳಕಿದ್ದಲ್ಲಿ ಉತ್ತಮ ಫಲಿತಾಂಶ. ಕಣ, ಶೆಡ್, ಪಂಪ್‌ಹೌಸ್, ತೋಟದ ಗೇಟುಗಳ ಕಾವಲಿಗೆ ಯೋಗ್ಯ.

• ದನ, ಕುರಿ, ನಾಯಿ: ಹಗಲಿನಲ್ಲಿ ಒಳ್ಳೆಯ ಫಲಿತಾಂಶ, ರಾತ್ರಿಯಲ್ಲಿ ಮಧ್ಯಮ. ಕಟ್ಟು ಬಿಚ್ಚಿಕೊಂಡು ಹೊರಬಂದ ದನವನ್ನು ತಿಳಿಯಲು ಉಪಯುಕ್ತ.

• ಕಾಡುಹಂದಿ ಮತ್ತು ಇತರ ವನ್ಯಪ್ರಾಣಿ: ಸಿದ್ಧ ಮಾದರಿಯಿಂದ ಭಾಗಶಃ ಮಾತ್ರ ಸಾಧ್ಯ. ಇದಕ್ಕೆ ಅನುಸರಿಸಬಹುದಾದ ಕ್ರಮಗಳನ್ನು ಮುಂದೆ ತಿಳಿಸಲಾಗಿದೆ.

• ಹಾವು, ಇಲಿ, ಕೀಟ: ಈ ವ್ಯವಸ್ಥೆಯಿಂದ ಸಾಧ್ಯವಿಲ್ಲ.

ಕ್ಯಾಮರಾ ಎಷ್ಟು ದೂರ ಕಾಣುತ್ತದೆ: ಒಂದು ಲೆಕ್ಕ

ಕ್ಯಾಮರಾ ಪೆಟ್ಟಿಗೆಯ ಮೇಲೆ '30 ಮೀಟರ್' ಎಂದು ನಮೂದಿಸಿದ್ದರೆ ಅದು ಸಾಮಾನ್ಯವಾಗಿ ಅದರ ಅವಕೆಂಪು ದೀಪದ ಬೆಳಕು ತಲುಪುವ ದೂರ. ವಸ್ತು ಪತ್ತೆಯಾಗುವ ದೂರ ಅದಕ್ಕಿಂತ ಕಡಿಮೆ. ಮಾದರಿಯು ಗುರುತಿಸಬೇಕಾದರೆ ಚಿತ್ರದಲ್ಲಿ ಮನುಷ್ಯನ ಎತ್ತರ ಸುಮಾರು 50 ಪಿಕ್ಸೆಲ್‌ಗಳಾದರೂ ಇರಬೇಕು ಎಂಬುದು ಉಪಯುಕ್ತ ಅಂದಾಜು.

4 ಮಿಲಿಮೀಟರ್ ಮಸೂರವು ಅಡ್ಡಲಾಗಿ ಸುಮಾರು 80 ಡಿಗ್ರಿ ನೋಡುತ್ತದೆ ಎಂದಿಟ್ಟುಕೊಳ್ಳೋಣ. ಆಗ ಕಾಣುವ ಅಗಲವು ದೂರದ ಸುಮಾರು 1.7 ಪಟ್ಟು ಇರುತ್ತದೆ. 1.6 ಮೀಟರ್ ಎತ್ತರದ ವ್ಯಕ್ತಿ ಚಿತ್ರದಲ್ಲಿ ಎಷ್ಟು ಎತ್ತರ ಕಾಣುತ್ತಾನೆ ಎಂಬುದು ಕೆಳಗಿನಂತಿದೆ.

| ದೂರ | ಕಾಣುವ ಅಗಲ | 640 ಪಿಕ್ಸೆಲ್ ಅಗಲದ ಚಿತ್ರದಲ್ಲಿ | 1280 ಪಿಕ್ಸೆಲ್ ಅಗಲದ ಚಿತ್ರದಲ್ಲಿ |
|---|---|---|---|
| 10 ಮೀ. | 17 ಮೀ. | 60 ಪಿಕ್ಸೆಲ್ | 120 ಪಿಕ್ಸೆಲ್ |
| 20 ಮೀ. | 34 ಮೀ. | 30 ಪಿಕ್ಸೆಲ್ | 60 ಪಿಕ್ಸೆಲ್ |
| 30 ಮೀ. | 51 ಮೀ. | 20 ಪಿಕ್ಸೆಲ್ | 40 ಪಿಕ್ಸೆಲ್ |

ಅಂದರೆ 1280 ಪಿಕ್ಸೆಲ್ ಅಗಲದ ಚಿತ್ರದಲ್ಲಿಯೂ 20 ಮೀಟರಿನಾಚೆಗೆ ನಂಬಿಕೆ ಕಡಿಮೆಯಾಗುತ್ತದೆ. ಕಾಡುಹಂದಿಯ ಎತ್ತರ ಮನುಷ್ಯನ ಸುಮಾರು ಅರ್ಧದಷ್ಟು. ಅದಕ್ಕೆ ಈ ದೂರವನ್ನೂ ಅರ್ಧಕ್ಕೆ ಇಳಿಸಿಕೊಳ್ಳಬೇಕು.

ಚೌಕಾಕಾರದ ಒಂದು ಎಕರೆ ಹೊಲದ ಒಂದು ಬದಿ ಸುಮಾರು 64 ಮೀಟರ್, ಸುತ್ತಳತೆ ಸುಮಾರು 254 ಮೀಟರ್. ಆದ್ದರಿಂದ ಒಂದೆರಡು ಕ್ಯಾಮರಾಗಳಿಂದ ಇಡೀ ಹೊಲವನ್ನು ಕಾಯುವ ಯೋಚನೆಯನ್ನು ಬಿಡಬೇಕು. ಕಾಯಬೇಕಾದುದು ದಾರಿಯನ್ನು: ಗೇಟು, ಬಂಡಿಜಾಡು, ಹಳ್ಳದ ಇಳಿಜಾರು, ಬೇಲಿಯಲ್ಲಿ ಹಂದಿಗಳು ನುಸುಳುವ ಕಿಂಡಿ, ಪಂಪ್‌ಹೌಸಿನ ಬಾಗಿಲು, ಕಣದ ಅಂಚು. ಹಂದಿಗಳು ಸಾಮಾನ್ಯವಾಗಿ ಬಂದ ಜಾಡಿನಲ್ಲೇ ಮತ್ತೆ ಬರುವುದರಿಂದ, ಹಗಲಿನಲ್ಲಿ ಹೆಜ್ಜೆಗುರುತು ನೋಡಿ ಕ್ಯಾಮರಾ ಸ್ಥಳವನ್ನು ನಿರ್ಧರಿಸಬಹುದು. ಉದ್ದನೆಯ ಓಣಿಯಂತಹ ಜಾಗಕ್ಕೆ 12 ಮಿಲಿಮೀಟರ್ ಮಸೂರ ಸೂಕ್ತ. ಅದರ ನೋಟ ಸುಮಾರು 30 ಡಿಗ್ರಿ. 50 ಮೀಟರ್ ದೂರದಲ್ಲಿ ಕೇವಲ 27 ಮೀಟರ್ ಅಗಲ ಕಾಣುವುದರಿಂದ ಮನುಷ್ಯನ ಚಿತ್ರ 75 ಪಿಕ್ಸೆಲ್‌ಗಳಷ್ಟು ದೊಡ್ಡದಾಗಿ ಬರುತ್ತದೆ.

ಬೇಕಾಗುವ ಸಾಧನಗಳು

1. ಕ್ಯಾಮರಾ: ಆರ್‌ಟಿಎಸ್‌ಪಿ ಮತ್ತು ಆನ್‌ವಿಫ್ ಸೌಲಭ್ಯವಿರುವ ಐಪಿ ಕ್ಯಾಮರಾ ಕೊಳ್ಳಬೇಕು. ಕೇವಲ ತಯಾರಕರ ಮೊಬೈಲ್ ಆ್ಯಪ್‌ನಲ್ಲಿ ಕೆಲಸ ಮಾಡುವ, ಬ್ಯಾಟರಿ ಚಾಲಿತ ಕ್ಯಾಮರಾಗಳು ಬಹುಪಾಲು ಇದಕ್ಕೆ ಹೊಂದುವುದಿಲ್ಲ. ಒಂದೇ ಕ್ಯಾಮರಾದಿಂದ ಎರಡು ಪ್ರವಾಹ ಬರುವಂತಿರಬೇಕು: ದಾಖಲಾತಿಗೆ ಮುಖ್ಯ ಪ್ರವಾಹ, ಪತ್ತೆಗೆ ಉಪಪ್ರವಾಹ. ಉಪಪ್ರವಾಹವನ್ನು 1280 ಪಿಕ್ಸೆಲ್‌ವರೆಗೆ ಏರಿಸಲು ಸಾಧ್ಯವೇ ಎಂದು ಅಂಗಡಿಯಲ್ಲಿಯೇ ವಿಚಾರಿಸಿ. ಧೂಳು ಮತ್ತು ಮಳೆ ತಡೆಯುವ ಐಪಿ66 ದರ್ಜೆಯದಾಗಿರಲಿ.

2. ಗಣಕ: ಇಂಟೆಲ್ ಎನ್100 ಮಾದರಿಯ ಮಿನಿ ಪಿಸಿ ನಾಲ್ಕಾರು ಕ್ಯಾಮರಾಗಳಿಗೆ ಸಾಕು. ಅದರೊಳಗಿನ ಗ್ರಾಫಿಕ್ಸ್ ಭಾಗವನ್ನೇ 'ಓಪನ್‌ವಿನೋ' ಮೂಲಕ ಪತ್ತೆಗೆ ಬಳಸಿಕೊಳ್ಳಬಹುದು. ಗೂಗಲ್ ಕೋರಲ್‌ನಂತಹ ಪ್ರತ್ಯೇಕ ವೇಗವರ್ಧಕ ಸಾಧನ ಕಡ್ಡಾಯವಲ್ಲ. ಮುಖ್ಯ ಸಂಸ್ಕಾರಕವನ್ನೇ ಪತ್ತೆಗೆ ಬಳಸುವುದು ಒಂದು ಕ್ಯಾಮರಾದ ಪ್ರಯೋಗಕ್ಕೆ ಮಾತ್ರ ಸರಿ.

3. ಸಂಪರ್ಕ: ಪಿಒಇ ಸ್ವಿಚ್ ಬಳಸಿದರೆ ಒಂದೇ ಕೇಬಲ್‌ನಲ್ಲಿ ವಿದ್ಯುತ್ ಮತ್ತು ದತ್ತಾಂಶ ಎರಡೂ ಹೋಗುತ್ತವೆ. ಮಿತಿ 100 ಮೀಟರ್. ಅದಕ್ಕಿಂತ ದೂರವಿದ್ದರೆ ಎದುರುಬದುರು ನಿಲ್ಲಿಸುವ ನಿಸ್ತಂತು ಸೇತುವೆ ಅಥವಾ ಫೈಬರ್ ಕೇಬಲ್ ಬಳಸಬೇಕು. ಸಿಡಿಲಿನ ರಕ್ಷಣೆಗೆ ಕಂಬಕ್ಕೆ ಅರ್ಥಿಂಗ್ ಮತ್ತು ಕೇಬಲ್‌ಗೆ ಸರ್ಜ್ ರಕ್ಷಕ ಅಗತ್ಯ.

4. ಸಂಗ್ರಹ: ಒಂದು ಕ್ಯಾಮರಾ ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ಸತತವಾಗಿ ದಾಖಲಿಸಿದರೆ ದಿನಕ್ಕೆ 21.6 ಜಿಬಿ ಬೇಕು. ನಾಲ್ಕು ಕ್ಯಾಮರಾಗಳಿಗೆ 86.4 ಜಿಬಿ. ಹೀಗೆ 1 ಟಿಬಿ ಡಿಸ್ಕ್ ಸುಮಾರು 11 ದಿನಗಳಿಗೆ ಸಾಲುತ್ತದೆ. ಸತತ ದಾಖಲಾತಿಯನ್ನು ಮೂರು ದಿನಕ್ಕೆ ಸೀಮಿತಗೊಳಿಸಿ, ಎಚ್ಚರಿಕೆಯ ತುಣುಕುಗಳನ್ನು ಮಾತ್ರ 30 ದಿನ ಉಳಿಸುವುದು ಮಿತವ್ಯಯದ ಕ್ರಮ.

5. ವಿದ್ಯುತ್: ಪಂಪ್‌ಸೆಟ್ ಮಾರ್ಗದಲ್ಲಿ ದಿನಕ್ಕೆ ಕೆಲವೇ ಗಂಟೆ ವಿದ್ಯುತ್ ಇರುವುದರಿಂದ ಹೊಲದಲ್ಲಿ ಸೌರಶಕ್ತಿಯೇ ಆಧಾರ. ತಲಾ 6 ವ್ಯಾಟ್‌ನ ನಾಲ್ಕು ಕ್ಯಾಮರಾ, 15 ವ್ಯಾಟ್‌ನ ಗಣಕ, 10 ವ್ಯಾಟ್‌ನ ಸ್ವಿಚ್ ಮತ್ತು ರೂಟರ್ ಸೇರಿ 49 ವ್ಯಾಟ್. ದಿನಕ್ಕೆ 1,176 ವ್ಯಾಟ್‌ಗಂಟೆ. ದಿನಕ್ಕೆ 5 ಗಂಟೆ ಪೂರ್ಣ ಬಿಸಿಲು ಮತ್ತು ಶೇ. 30 ನಷ್ಟವೆಂದು ಹಿಡಿದರೆ ಸುಮಾರು 340 ವ್ಯಾಟ್ ಫಲಕ ಬೇಕು. 400 ವ್ಯಾಟ್ ಹಾಕುವುದು ಕ್ಷೇಮ. 14 ಗಂಟೆಗಳ ಕತ್ತಲಿಗೆ 686 ವ್ಯಾಟ್‌ಗಂಟೆ ಬೇಕಾಗುತ್ತದೆ. 12 ವೋಲ್ಟ್, 150 ಆಂಪಿಯರ್‌ಗಂಟೆಯ ಒಂದು ಟ್ಯೂಬುಲರ್ ಬ್ಯಾಟರಿಯನ್ನು ಅರ್ಧದಷ್ಟು ಬಳಸಿದರೆ 900 ವ್ಯಾಟ್‌ಗಂಟೆ ಸಿಗುತ್ತದೆ. ಮುಂಗಾರಿನ ಮೋಡದ ದಿನಗಳಿಗೆ ಎರಡು ಬ್ಯಾಟರಿ ಇರಲಿ. ಗಣಕವನ್ನು ಮನೆಯಲ್ಲಿರಿಸಿ, ಹೊಲದಲ್ಲಿ ಕ್ಯಾಮರಾ ಮಾತ್ರ ಇಟ್ಟರೆ ಸೌರ ವೆಚ್ಚ ಗಣನೀಯವಾಗಿ ಇಳಿಯುತ್ತದೆ.

ಕ್ಯಾಮರಾ ಕೂರಿಸುವಾಗ ಗಮನಿಸಬೇಕಾದ ಅಂಶಗಳು

• ಎತ್ತರ 2.5ರಿಂದ 3 ಮೀಟರ್ ಇರಲಿ. ತೀರಾ ಎತ್ತರದಿಂದ ನೋಡಿದರೆ ಮನುಷ್ಯನ ತಲೆ ಮತ್ತು ಭುಜ ಮಾತ್ರ ಕಂಡು ಮಾದರಿಗೆ ಗುರುತು ಸಿಗುವುದಿಲ್ಲ.

• ನೇರ ಪೂರ್ವ ಅಥವಾ ಪಶ್ಚಿಮಕ್ಕೆ ಮುಖ ಮಾಡಬೇಡಿ. ಉತ್ತರಾಭಿಮುಖ ಉತ್ತಮ.

• ಕಳ್ಳ ಅಥವಾ ಪ್ರಾಣಿ ಕ್ಯಾಮರಾದತ್ತ ನೇರವಾಗಿ ಬರುವುದಕ್ಕಿಂತ ಅಡ್ಡಲಾಗಿ ಹಾದುಹೋಗುವಂತಿದ್ದರೆ ಚಲನೆ ಬೇಗ ತಿಳಿಯುತ್ತದೆ.

• ಮುಂದಿನ ಎರಡು ತಿಂಗಳಲ್ಲಿ ಬೆಳೆ ಎಷ್ಟು ಎತ್ತರ ಬೆಳೆಯುತ್ತದೆ ಎಂದು ಯೋಚಿಸಿ. ಬಿತ್ತನೆಯ ಕಾಲದಲ್ಲಿ ತೆರೆದಿದ್ದ ನೋಟವನ್ನು ಮೆಕ್ಕೆಜೋಳ ಪೂರ್ತಿ ಮುಚ್ಚಬಹುದು.

• ಅವಕೆಂಪು ಬೆಳಕಿಗೆ ಹುಳುಗಳು, ಹುಳುಗಳ ಬೇಟೆಗೆ ಜೇಡಗಳು ಬರುತ್ತವೆ. ಕ್ಯಾಮರಾದ ದೀಪವನ್ನು ಆರಿಸಿ, ಪ್ರತ್ಯೇಕ ಅವಕೆಂಪು ದೀಪವನ್ನು ಒಂದೆರಡು ಮೀಟರ್ ದೂರದಲ್ಲಿಟ್ಟರೆ ರಾತ್ರಿಯ ಸುಳ್ಳು ಎಚ್ಚರಿಕೆಗಳು ಬಹಳ ಕಡಿಮೆಯಾಗುತ್ತವೆ.

• ಕಂಬ ಗಾಳಿಗೆ ಅಲ್ಲಾಡಬಾರದು. ಕಂಬ ಅಲ್ಲಾಡಿದರೆ ಇಡೀ ಚಿತ್ರವೇ ಚಲನೆಯಾಗಿ ಕಾಣುತ್ತದೆ.

ತಂತ್ರಾಂಶ ಅಳವಡಿಕೆಯ ಹಂತಗಳು

ಹಂತ 1: ಕ್ಯಾಮರಾ ಸಿದ್ಧತೆ. ಪ್ರತಿ ಕ್ಯಾಮರಾಕ್ಕೆ ಬದಲಾಗದ ಐಪಿ ವಿಳಾಸ ಕೊಡಿ. ಕಾರ್ಖಾನೆಯ ಗುಪ್ತಪದವನ್ನು ಬದಲಾಯಿಸಿ. ಪ್ರವಾಹವನ್ನು ಎಚ್.264 ವಿಧಾನಕ್ಕೂ ಉಪಪ್ರವಾಹವನ್ನು ಸೆಕೆಂಡಿಗೆ 5 ಫ್ರೇಮ್‌ಗೂ ಹೊಂದಿಸಿ. ಪತ್ತೆಗೆ 5 ಫ್ರೇಮ್ ಸಾಕು. ಹೆಚ್ಚಿಸಿದರೆ ಗಣಕದ ಹೊರೆ ಹೆಚ್ಚುತ್ತದೆಯೇ ಹೊರತು ಲಾಭ ಅಲ್ಪ.

ಹಂತ 2: ಪ್ರವಾಹದ ಪರೀಕ್ಷೆ. ಕ್ಯಾಮರಾದ ಆರ್‌ಟಿಎಸ್‌ಪಿ ವಿಳಾಸವನ್ನು ವಿಎಲ್‌ಸಿ ತಂತ್ರಾಂಶದಲ್ಲಿ ತೆರೆದು ಚಿತ್ರ ಬರುತ್ತದೆಯೇ ನೋಡಿ. ಇಲ್ಲಿ ಚಿತ್ರ ಬಾರದಿದ್ದರೆ ಮುಂದಿನ ಯಾವ ಹಂತವೂ ಫಲಿಸುವುದಿಲ್ಲ.

ಹಂತ 3: ಸ್ಥಾಪನೆ. ಗಣಕದಲ್ಲಿ ಡೆಬಿಯನ್ ಲಿನಕ್ಸ್ ಮತ್ತು ಡಾಕರ್ ಹಾಕಿ, ಡಾಕರ್ ಮೂಲಕ ಫ್ರಿಗೇಟ್ ಚಾಲನೆ ಮಾಡಿ. ಮೊದಲ ಚಾಲನೆಯಲ್ಲಿ ನಿರ್ವಾಹಕರ ಗುಪ್ತಪದ ದಾಖಲೆ ಕಡತದಲ್ಲಿ ಕಾಣಿಸುತ್ತದೆ. ಬರೆದಿಟ್ಟುಕೊಂಡು, ಒಳಗೆ ಹೋದ ಕೂಡಲೇ ಬದಲಾಯಿಸಿ.

ಹಂತ 4: ಪತ್ತೆ ಸಾಧನದ ಆಯ್ಕೆ. ಸಂರಚನಾ ಕಡತದಲ್ಲಿ ಓಪನ್‌ವಿನೋ ಆಯ್ಕೆ ಮಾಡಿ, ಗಣಕದ ಗ್ರಾಫಿಕ್ಸ್ ಭಾಗವನ್ನು ತೋರಿಸಿ. ನಂತರ 'ಸಿಸ್ಟಂ' ಪುಟದಲ್ಲಿ ಒಂದು ಪತ್ತೆಗೆ ಹಿಡಿಯುವ ಸಮಯವನ್ನು ನೋಡಿ. ಅದು 20 ಮಿಲಿಸೆಕೆಂಡ್ ಇದ್ದರೆ ಸೆಕೆಂಡಿಗೆ 50 ಪತ್ತೆ ಸಾಧ್ಯ. ನಾಲ್ಕು ಕ್ಯಾಮರಾಗಳ 20 ಫ್ರೇಮ್‌ಗಳಿಗೆ, ಒಂದೊಂದರಲ್ಲೂ ಎರಡು ಕಡೆ ಚಲನೆ ಇದ್ದರೂ, ಇದು ಸಾಲುತ್ತದೆ.

ಹಂತ 5: ಯಾವುದನ್ನು ಹುಡುಕಬೇಕು. ಏನನ್ನೂ ಹೇಳದಿದ್ದರೆ ಫ್ರಿಗೇಟ್ ಮನುಷ್ಯನನ್ನು ಮಾತ್ರ ಹುಡುಕುತ್ತದೆ. ಗೇಟಿನ ಕ್ಯಾಮರಾಕ್ಕೆ ಮನುಷ್ಯ, ಕಾರು, ಬೈಕ್, ಟ್ರಕ್. ಕೊಟ್ಟಿಗೆಗೆ ಮನುಷ್ಯ, ಹಸು, ನಾಯಿ. ಹೊಲದ ಅಂಚಿಗೆ ಮನುಷ್ಯನ ಜೊತೆ ಎಲ್ಲ ನಾಲ್ಕುಕಾಲಿನ ಹೆಸರುಗಳು ಎಂದು ಕ್ಯಾಮರಾವಾರು ಪಟ್ಟಿ ಕೊಡಿ. ಟ್ರ್ಯಾಕ್ಟರ್‌ಗೆ ಪ್ರತ್ಯೇಕ ಹೆಸರಿಲ್ಲ. ಅದು ಸಾಮಾನ್ಯವಾಗಿ 'ಟ್ರಕ್' ಅಥವಾ 'ಕಾರು' ಎಂದು ದಾಖಲಾಗುತ್ತದೆ.

ಹಂತ 6: ವಲಯ ಗುರುತಿಸುವಿಕೆ. ಪರದೆಯ ಮೇಲೆ ಗೆರೆ ಎಳೆದು 'ಕಣ', 'ಗೇಟು', 'ರಸ್ತೆ' ಎಂಬಂತೆ ವಲಯ ಮಾಡಬಹುದು. ವಸ್ತುವಿನ ಸುತ್ತ ಬರುವ ಚೌಕದ ತಳದ ಮಧ್ಯಬಿಂದು, ಅಂದರೆ ಸುಮಾರು ಪಾದವಿರುವ ಜಾಗ, ವಲಯದೊಳಗೆ ಬಿದ್ದರೆ ಮಾತ್ರ ಆ ವಸ್ತು ವಲಯದಲ್ಲಿದೆ ಎಂದು ಪರಿಗಣಿಸಲಾಗುತ್ತದೆ. ಆದ್ದರಿಂದ ವಲಯವನ್ನು ನೆಲದ ಮೇಲೆ ಎಳೆಯಬೇಕು. ಮನುಷ್ಯನ ಮೈ ಕಾಣುವ ಎತ್ತರದಲ್ಲಿ ಎಳೆಯಬಾರದು. ಎಚ್ಚರಿಕೆಯನ್ನು 'ಕಣ' ವಲಯಕ್ಕೆ ಸೀಮಿತಗೊಳಿಸಿದರೆ ಪಕ್ಕದ ರಸ್ತೆಯಲ್ಲಿ ಹೋಗುವವರಿಗಾಗಿ ನಿಮ್ಮ ನಿದ್ದೆ ಕೆಡುವುದಿಲ್ಲ. ಬಂದು ಹೋಗುವವರು ಹೆಚ್ಚಿರುವ ಜಾಗದಲ್ಲಿ, ವಲಯದಲ್ಲಿ ಇಂತಿಷ್ಟು ಸೆಕೆಂಡ್ ನಿಂತವರಿಗೆ ಮಾತ್ರ ಎಚ್ಚರಿಕೆ ಬರುವಂತೆಯೂ ಮಾಡಬಹುದು.

ಹಂತ 7: ಮರೆಪಟ್ಟಿ. ಚಲನೆಯ ಮರೆಪಟ್ಟಿಯನ್ನು ಆಕಾಶ, ಮರದ ತುದಿ, ಚಿತ್ರದ ಮೇಲಿನ ಗಡಿಯಾರದ ಅಂಕಿಗಳಿಗೆ ಮಾತ್ರ ಹಾಕಿ. ಬೆಳೆಯ ಮೇಲೆಲ್ಲ ಮರೆಪಟ್ಟಿ ಹಾಕಿದರೆ ಬೆಳೆಯೊಳಗಿಂದ ಬರುವವನೂ ತಪ್ಪಿಹೋಗುತ್ತಾನೆ. ಒಂದು ನಿರ್ದಿಷ್ಟ ಮೋಟುಮರ ಅಥವಾ ಬೆದರುಬೊಂಬೆ ಪದೇ ಪದೇ 'ಮನುಷ್ಯ' ಎಂದು ಬರುತ್ತಿದ್ದರೆ ಆ ಜಾಗಕ್ಕೆ ವಸ್ತುವಿನ ಮರೆಪಟ್ಟಿಯನ್ನು ಹಾಕಬೇಕು. ಇವೆರಡೂ ಬೇರೆ ಬೇರೆ ಎಂಬುದನ್ನು ನೆನಪಿನಲ್ಲಿಡಿ.

ಹಂತ 8: ಅಂಕಗಳ ಹೊಂದಾಣಿಕೆ. ಫ್ರಿಗೇಟ್‌ನಲ್ಲಿ ಎರಡು ಮಿತಿಗಳಿವೆ. ಒಂದು ಫ್ರೇಮಿನಲ್ಲಿ ಬೇಕಾದ ಕನಿಷ್ಠ ಅಂಕ 0.5; ಹಲವು ಫ್ರೇಮುಗಳ ಮಧ್ಯಮಾಂಕ ದಾಟಬೇಕಾದ ಮಿತಿ 0.7. ಇವು ಮೂಲ ಹೊಂದಾಣಿಕೆಗಳು. ಸುಳ್ಳು ಎಚ್ಚರಿಕೆ ಹೆಚ್ಚಿದ್ದರೆ ಎರಡನೆಯದನ್ನು 0.75 ಅಥವಾ 0.8ಕ್ಕೆ ಏರಿಸಿ. ನಿಜವಾದವು ತಪ್ಪಿಹೋಗುತ್ತಿದ್ದರೆ ಸ್ವಲ್ಪ ಇಳಿಸಿ. ಒಂದು ಬಾರಿಗೆ ಒಂದನ್ನೇ ಬದಲಾಯಿಸಿ, ಎರಡು ರಾತ್ರಿ ನೋಡಿ, ಬಳಿಕ ಮುಂದುವರಿಯಿರಿ. ಕನಿಷ್ಠ ಗಾತ್ರದ ಮಿತಿಯನ್ನು ಹಾಕಿದರೆ ಮಸೂರದ ಮುಂದೆ ಹಾರುವ ಸಣ್ಣ ಹುಳುಗಳ ತೊಂದರೆ ತಪ್ಪುತ್ತದೆ. ಮಸೂರಕ್ಕೆ ಅಂಟಿದ ಜೇಡನಿಗೆ ಗರಿಷ್ಠ ಗಾತ್ರದ ಮಿತಿ ಬೇಕು.

ಹಂತ 9: ಎಚ್ಚರಿಕೆ ತಲುಪಿಸುವಿಕೆ. ಮೊಬೈಲ್ ಸಂದೇಶ ಮಲಗಿದವರನ್ನು ಎಬ್ಬಿಸುವುದಿಲ್ಲ. ಎಂಕ್ಯೂಟಿಟಿ ಮೂಲಕ ಒಂದು ರಿಲೇಯನ್ನು ಜೋಡಿಸಿ, ಮನೆಯೊಳಗೆ ಗಂಟೆ ಮತ್ತು ಹೊಲದಲ್ಲಿ ದೀಪ ಹೊತ್ತಿಕೊಳ್ಳುವಂತೆ ಮಾಡುವುದು ಪರಿಣಾಮಕಾರಿ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಮಾತ್ರ ಗಂಟೆ ಬಾರಿಸುವಂತೆ ಸಮಯ ನಿಗದಿ ಮಾಡಿ.

ಪರೀಕ್ಷಿಸದೆ ನಂಬಬೇಡಿ

ಅಳವಡಿಕೆ ಮುಗಿದ ದಿನವೇ ಅಟ್ಟಣಿಗೆಯ ಕಾವಲನ್ನು ನಿಲ್ಲಿಸಬಾರದು. ಮೊದಲ ಒಂದು ವಾರ ಎರಡೂ ಜೊತೆಜೊತೆಯಾಗಿ ನಡೆಯಲಿ. ಆ ವಾರದಲ್ಲಿ ಈ ಪರೀಕ್ಷೆಗಳನ್ನು ಮಾಡಿ.

ನಡಿಗೆ ಪರೀಕ್ಷೆ: ಮನೆಯವರೊಬ್ಬರು ಕಾವಲಿನ ಜಾಗದಲ್ಲಿ ಹಗಲು ಹತ್ತು ಬಾರಿ, ರಾತ್ರಿ ಹತ್ತು ಬಾರಿ ಹಾದುಹೋಗಲಿ. ಕಂಬಳಿ ಹೊದ್ದು, ಬಗ್ಗಿ, ಮೂಟೆ ಹೊತ್ತು, ಬೆಳೆಯ ಮರೆಯಲ್ಲಿ ನಡೆದು ನೋಡಲಿ. ಕಳ್ಳ ನೆಟ್ಟಗೆ ನಿಂತು ಬರುವುದಿಲ್ಲ. ಹತ್ತರಲ್ಲಿ ಒಂಬತ್ತು ಬಾರಿಯಾದರೂ ಪತ್ತೆಯಾಗದಿದ್ದರೆ ಕ್ಯಾಮರಾ ಹತ್ತಿರಕ್ಕೆ ತನ್ನಿ, ಉಪಪ್ರವಾಹದ ಗಾತ್ರ ಹೆಚ್ಚಿಸಿ ಅಥವಾ ಬೆಳಕು ಸೇರಿಸಿ.

ಸುಳ್ಳು ಎಚ್ಚರಿಕೆಯ ಲೆಕ್ಕ: ಏಳು ರಾತ್ರಿಗಳಲ್ಲಿ ಬಂದ ಎಚ್ಚರಿಕೆಗಳು, ಅವುಗಳಲ್ಲಿ ಸುಳ್ಳಾದವು ಮತ್ತು ಅವುಗಳ ಕಾರಣವನ್ನು ಬರೆದಿಡಿ. ಒಂದು ರಾತ್ರಿಗೆ ಒಂದೆರಡಕ್ಕಿಂತ ಹೆಚ್ಚು ಸುಳ್ಳು ಗಂಟೆ ಬಾರಿಸುವ ವ್ಯವಸ್ಥೆಯನ್ನು ಮನೆಯವರು ನಾಲ್ಕನೆಯ ದಿನ ಆರಿಸಿಬಿಡುತ್ತಾರೆ. ಐದನೆಯ ದಿನ ಕಳ್ಳತನವಾದರೆ ಕ್ಯಾಮರಾ ಇದ್ದೂ ಇಲ್ಲದಂತಾಗುತ್ತದೆ.

ಕಾಡುಹಂದಿ ಪತ್ತೆಗೆ ಮೂರು ಕ್ರಮಗಳು

ಮೊದಲನೆಯದು, ಹೆಸರನ್ನು ಕಡೆಗಣಿಸಿ ಜಾಗವನ್ನು ನಂಬುವುದು. ರಾತ್ರಿ ದನಕುರಿಗಳು ಬಾರದ ವಲಯದಲ್ಲಿ ಹಸು, ಕುರಿ, ನಾಯಿ, ಕುದುರೆ, ಕರಡಿ, ಯಾವುದೇ ಹೆಸರು ಬಂದರೂ 'ಪ್ರಾಣಿ ಬಂದಿದೆ' ಎಂದು ಎಚ್ಚರಿಸುವಂತೆ ಮಾಡಬಹುದು. ಇದಕ್ಕೆ ಹೆಚ್ಚುವರಿ ಖರ್ಚಿಲ್ಲ. ಬೀದಿನಾಯಿಗಳ ಕಾಟವಿರುವಲ್ಲಿ ಸುಳ್ಳು ಎಚ್ಚರಿಕೆ ಬರುವುದು ಸಹಜ.

ಎರಡನೆಯದು, ವನ್ಯಜೀವಿ ಕ್ಯಾಮರಾಗಳಿಗೆಂದೇ ರೂಪಿಸಿದ 'ಮೆಗಾಡಿಟೆಕ್ಟರ್' ಮಾದರಿ. ಇದು ಪ್ರಾಣಿಯ ಜಾತಿಯನ್ನು ಹೇಳದೆ, ಪ್ರಾಣಿ, ಮನುಷ್ಯ, ವಾಹನ ಎಂದು ಮೂರೇ ವಿಭಾಗ ಮಾಡುತ್ತದೆ. ರಾತ್ರಿಯ ಅವಕೆಂಪು ಚಿತ್ರಗಳಿಂದಲೂ ತರಬೇತಿ ಪಡೆದಿರುವುದು ಇದರ ಗುಣ. ಆದರೆ ಇದನ್ನು ನೇರ ಪ್ರಸಾರದ ಕಾವಲಿಗೆ ಜೋಡಿಸಲು ಗಣಕ ಪರಿಣತರ ನೆರವು ಅಗತ್ಯ.

ಮೂರನೆಯದು, ಸ್ಥಳೀಯ ಚಿತ್ರಗಳಿಂದ ಮಾದರಿಯನ್ನು ಮರುತರಬೇತಿಗೊಳಿಸುವುದು. ಒಬ್ಬ ರೈತನಿಗೆ ಇದು ಕಷ್ಟ. ರೈತ ಉತ್ಪಾದಕರ ಸಂಸ್ಥೆ ಅಥವಾ ವಿಸ್ತರಣಾ ಕಾರ್ಯಕರ್ತರು ಹಲವು ಗ್ರಾಮಗಳ ಚಿತ್ರ ಸಂಗ್ರಹಿಸಿದರೆ ಸಾಧ್ಯ. ಹೀಗೆ ಮಾಡುವ ವಿಸ್ತರಣಾ ಕಾರ್ಯಕರ್ತರು ಎರಡು ವಿಷಯ ಗಮನಿಸಬೇಕು. ಒಂದು, ಹಂದಿಯಿಲ್ಲದ ಖಾಲಿ ಹೊಲದ ಚಿತ್ರಗಳನ್ನೂ ನಾಯಿ, ದನಗಳ ಚಿತ್ರಗಳನ್ನೂ ಸೇರಿಸಬೇಕು. ಎರಡು, ತರಬೇತಿಗೆ ಬಳಸಿದ ರಾತ್ರಿಯ ಚಿತ್ರಗಳನ್ನು ಪರೀಕ್ಷೆಗೆ ಬಳಸಬಾರದು; ಬೇರೆ ರಾತ್ರಿಯ, ಸಾಧ್ಯವಾದರೆ ಬೇರೆ ಹೊಲದ ಚಿತ್ರಗಳಿಂದ ಪರೀಕ್ಷಿಸಬೇಕು. ಒಂದೇ ದೃಶ್ಯದ ಅಕ್ಕಪಕ್ಕದ ಫ್ರೇಮುಗಳಲ್ಲಿ ಪರೀಕ್ಷಿಸಿದರೆ ಫಲಿತಾಂಶ ಕಾಗದದ ಮೇಲೆ ಚೆನ್ನಾಗಿದ್ದು, ಹೊಲದಲ್ಲಿ ಸೋಲುತ್ತದೆ.

ನೆರೆಯ ತಮಿಳುನಾಡಿನ ಮಧುಕ್ಕರೈ ಬಳಿ, ರೈಲು ಹಳಿ ದಾಟುವ ಆನೆಗಳ ರಕ್ಷಣೆಗಾಗಿ 2024ರ ಫೆಬ್ರವರಿಯಲ್ಲಿ ಇಂತಹ ಎಚ್ಚರಿಕೆ ವ್ಯವಸ್ಥೆ ಕಾರ್ಯಾರಂಭ ಮಾಡಿತು. ಅಲ್ಲಿ ಸಾಮಾನ್ಯ ಕ್ಯಾಮರಾಗಳ ಜೊತೆ ಶಾಖವನ್ನು ಗುರುತಿಸುವ ಕ್ಯಾಮರಾಗಳಿವೆ. ಬಂದ ಎಚ್ಚರಿಕೆಯನ್ನು ನೋಡಿ ಕ್ರಮ ಕೈಗೊಳ್ಳಲು ನಿಯಂತ್ರಣ ಕೊಠಡಿಯಿದೆ. ಯಂತ್ರದ ಹಿಂದೆ ಎಚ್ಚರವಾಗಿರುವ ಮನುಷ್ಯ ಇದ್ದಾಗಲೇ ವ್ಯವಸ್ಥೆ ಪೂರ್ಣವಾಗುತ್ತದೆ ಎಂಬುದು ಅದರಿಂದ ತಿಳಿಯಬೇಕಾದ ಪಾಠ. ನಿಮ್ಮ ಮನೆಯಲ್ಲಿಯೂ ಯಾವ ರಾತ್ರಿ ಯಾರು ಎಚ್ಚರಿಕೆಗೆ ಸ್ಪಂದಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸಿ.

ಎಚ್ಚರಿಕೆ ಬಂದಾಗ ಏನು ಮಾಡಬೇಕು

• ಮೊದಲು ಪರದೆಯಲ್ಲಿ ಚಿತ್ರ ನೋಡಿ, ನಂತರ ಹೊರಡಿ. ಒಬ್ಬರೇ ಹೋಗಬೇಡಿ.

• ಕರಡಿ ಅಥವಾ ಚಿರತೆಯಂತೆ ಕಂಡರೆ ಮನೆಯಿಂದ ಹೊರಬರಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ, ನೆರೆಹೊರೆಯವರಿಗೂ ಕರೆ ಮಾಡಿ.

• ಕಳ್ಳರೆಂದು ಕಂಡರೆ 112ಕ್ಕೆ ಕರೆ ಮಾಡಿ, ದೀಪ ಹೊತ್ತಿಸಿ, ಗಂಟೆ ಬಾರಿಸಿ. ಬೆನ್ನಟ್ಟುವ ಸಾಹಸ ಬೇಡ.

• ಬೇಲಿಗೆ ನೇರವಾಗಿ ಮೈನ್ಸ್ ವಿದ್ಯುತ್ ಹರಿಸಬಾರದು. ಅದು ಕಾನೂನುಬಾಹಿರ, ಹಂದಿಗೆಂದು ಹರಿಸಿದ ವಿದ್ಯುತ್ತಿಗೆ ಮನೆಯವರೇ ಬಲಿಯಾದ ಪ್ರಕರಣಗಳಿವೆ. ಕ್ಯಾಮರಾದ ರಿಲೇಯನ್ನು ದೀಪ ಮತ್ತು ಗಂಟೆಗೆ ಮಾತ್ರ ಜೋಡಿಸಿ. ಕರಡಿ, ಚಿರತೆ, ಕೃಷ್ಣಮೃಗ, ನವಿಲುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ.

ದಾಖಲೆಯಾಗಿ ವಿಡಿಯೊ

ಕಳ್ಳತನದ ದೂರಿಗೆ ವಿಡಿಯೊ ನೆರವಾಗಬೇಕಾದರೆ ಗಡಿಯಾರ ಸರಿಯಾಗಿರಬೇಕು. ಅಂತರ್ಜಾಲವಿಲ್ಲದ ಕ್ಯಾಮರಾದ ಗಡಿಯಾರ ದಿನಗಳೆದಂತೆ ತಪ್ಪುತ್ತದೆ; ಎಲ್ಲ ಕ್ಯಾಮರಾಗಳೂ ಗಣಕದಿಂದಲೇ ಸಮಯ ಪಡೆಯುವಂತೆ ಹೊಂದಿಸಿ. ಘಟನೆ ನಡೆದ ದಿನವೇ ತುಣುಕನ್ನು ಬೇರೆಡೆಗೆ ನಕಲಿಸಿ, ಏಕೆಂದರೆ ಅವಧಿ ಮುಗಿದ ದಾಖಲೆಗಳನ್ನು ತಂತ್ರಾಂಶ ತಾನಾಗಿಯೇ ಅಳಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಪ್ರತಿ ಕುಗ್ಗಿರುತ್ತದೆ. ಮೂಲ ಕಡತವನ್ನು ಕಾಪಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ನಿಗದಿತ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾದುದರಿಂದ ಮೂಲ ಕಡತವನ್ನು ತಿದ್ದಬಾರದು. ವನ್ಯಪ್ರಾಣಿಯಿಂದ ಬೆಳೆಹಾನಿಯಾದಾಗ ಪರಿಹಾರದ ಅರ್ಜಿಗೂ ದಿನಾಂಕ ಸಹಿತ ಚಿತ್ರಗಳು ಪೂರಕವಾಗುತ್ತವೆ.

ಸುರಕ್ಷತೆ ಮತ್ತು ಖಾಸಗಿತನ

ಫ್ರಿಗೇಟ್‌ನ 5000ನೇ ದ್ವಾರಕ್ಕೆ ಗುಪ್ತಪದದ ರಕ್ಷಣೆಯಿಲ್ಲ. ಮನೆಯ ಜಾಲದಾಚೆಗೆ ಅದನ್ನು ಎಂದಿಗೂ ತೆರೆಯಬಾರದು. ಗುಪ್ತಪದ ಕೇಳುವ 8971ನೇ ದ್ವಾರವನ್ನೇ ಬಳಸಿ. ಹೊರಗಿನಿಂದ ನೋಡಬೇಕಾದರೆ ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್‌ನಂತಹ ವಿಪಿಎನ್ ಬಳಸಿ. ಸಿಮ್ ಆಧಾರಿತ ರೂಟರ್‌ಗಳಲ್ಲಿ ಹೊರಗಿನಿಂದ ನೇರ ಸಂಪರ್ಕ ಸಾಮಾನ್ಯವಾಗಿ ಸಿಗದಿರುವುದರಿಂದ ಟೇಲ್‌ಸ್ಕೇಲ್ ಅನುಕೂಲ. ಕ್ಯಾಮರಾಗಳಿಗೆ ಅಂತರ್ಜಾಲ ಸಂಪರ್ಕವನ್ನೇ ಕೊಡದಿರುವುದು ಇನ್ನೂ ಕ್ಷೇಮ.

ಪಕ್ಕದ ಮನೆಯ ಅಂಗಳ, ಹೆಣ್ಣುಮಕ್ಕಳು ಬಳಸುವ ಬಾವಿಕಟ್ಟೆ, ಕೆರೆಯ ದಡ, ಕೂಲಿಯಾಳುಗಳು ವಿಶ್ರಮಿಸುವ ಜಾಗ ಕ್ಯಾಮರಾದ ನೋಟಕ್ಕೆ ಬೀಳದಂತೆ ತಿರುಗಿಸಿ. ಕ್ಯಾಮರಾ ಇದೆ ಎಂದು ಫಲಕ ಹಾಕಿ. ಅದು ಸೌಜನ್ಯವೂ ಹೌದು, ಕಳ್ಳರಿಗೆ ಎಚ್ಚರಿಕೆಯೂ ಹೌದು.

ನಿರ್ವಹಣೆ

ವಾರಕ್ಕೊಮ್ಮೆ ಮಸೂರದ ಧೂಳು ಮತ್ತು ಜೇಡರ ಬಲೆ ತೆಗೆಯಿರಿ. ಹದಿನೈದು ದಿನಕ್ಕೊಮ್ಮೆ ರಾತ್ರಿಯ ನಡಿಗೆ ಪರೀಕ್ಷೆಯನ್ನು ಎರಡು ಮೂರು ಬಾರಿ ಪುನರಾವರ್ತಿಸಿ. ತಿಂಗಳಿಗೊಮ್ಮೆ ಸೌರಫಲಕ ತೊಳೆದು, ಬ್ಯಾಟರಿಯ ನೀರಿನ ಮಟ್ಟ ಮತ್ತು ಡಿಸ್ಕಿನಲ್ಲಿ ಉಳಿದ ಜಾಗ ನೋಡಿ. ಬೆಳೆ ಬೆಳೆದಂತೆ, ಕಟಾವಾದ ಬಳಿಕ, ವಲಯಗಳನ್ನು ಮತ್ತೆ ಎಳೆಯಿರಿ. ತಂತ್ರಾಂಶದ ಹೊಸ ಆವೃತ್ತಿಯನ್ನು ಕೊಯ್ಲಿನ ಸಮಯದಲ್ಲಿ ಹಾಕಬೇಡಿ. 'ಕೆಲಸ ಮಾಡುತ್ತಿದ್ದ' ಸಂರಚನಾ ಕಡತದ ಪ್ರತಿಯೊಂದನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

ಸಾರಾಂಶ

ಒಂದೇ ಕ್ಯಾಮರಾದಿಂದ, ಅತಿ ಹೆಚ್ಚು ನಷ್ಟವಾಗುವ ಒಂದೇ ಜಾಗದಿಂದ ಆರಂಭಿಸಿ. ಮನುಷ್ಯ ಮತ್ತು ವಾಹನಗಳ ಪತ್ತೆಗೆ ಈ ವ್ಯವಸ್ಥೆ ಇಂದೇ ಉಪಯುಕ್ತ. ಕಾಡುಹಂದಿಗೆ ಸ್ಥಳೀಯ ಚಿತ್ರಗಳ ಸಂಗ್ರಹವಾಗುವವರೆಗೆ ಅರ್ಧ ನೆರವು ಮಾತ್ರ. 20 ಮೀಟರಿನೊಳಗೆ ಕಾಯಿರಿ, ವಲಯವನ್ನು ನೆಲದ ಮೇಲೆ ಎಳೆಯಿರಿ, ಒಂದು ವಾರ ಪರೀಕ್ಷಿಸಿ, ನಂತರವೇ ನಂಬಿ. ಬೆಳೆ ಮತ್ತು ವನ್ಯಪ್ರಾಣಿ ಹಾವಳಿ ಕುರಿತ ಸಲಹೆಗಾಗಿ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.